ಲಟ್ ಹಾಕಿದ ಮೇಲೂ ಕಲರಿಸ್ಟ್ ಬೇಕೇ?

ಪ್ರಶ್ನೆ: ಹದಿನೈದು ನಿಮಿಷದ ನಮ್ಮ ಕಿರುಚಿತ್ರವನ್ನು ಲಾಗ್‌ನಲ್ಲಿ (ಬಣ್ಣ ಪೇಲವವಾಗಿ ದಾಖಲಾಗುವ, ಆಮೇಲೆ ತಿದ್ದಲು ಅನುಕೂಲವಾದ ವಿಧಾನ) ಚಿತ್ರೀಕರಿಸಿದ್ದೇವೆ. ಉಚಿತವಾಗಿ ಸಿಕ್ಕ ಲಟ್ (LUT, ಬಣ್ಣ ಬದಲಿಸುವ ಸಿದ್ಧ ಫೈಲ್) ಒಂದನ್ನು ಹಾಕಿದಾಗ ಬಣ್ಣ ಚೆನ್ನಾಗಿಯೇ ಕಾಣುತ್ತಿದೆ. ಇನ್ನೂ ಬಣ್ಣ ತಿದ್ದುವ ಕಲರಿಸ್ಟ್‌ಗೆ ಹಣ ಕೊಡಬೇಕೇ?

ಉತ್ತರ: ಒಂದು ಶಾಟನ್ನು ನಿಲ್ಲಿಸಿ ನೋಡಿದರೆ ಬೇಡವೆನಿಸುವುದು ಸಹಜ. ಆದರೆ ತೆರೆಯ ಮೇಲೆ ಶಾಟುಗಳು ಒಂದರ ಹಿಂದೊಂದು ಬರುತ್ತವೆ, ತೊಡಕು ಹುಟ್ಟುವುದು ಅವು ಕೂಡುವಲ್ಲಿ. ಲಟ್ ಎಂಬುದು ಸಂಖ್ಯೆಗಳ ಒಂದು ಕೋಷ್ಟಕ. ಇಂಥ ಬಣ್ಣ ಬಂದರೆ ಇಂಥದ್ದನ್ನು ಕೊಡು ಎಂಬುದಷ್ಟೇ ಅದರಲ್ಲಿರುತ್ತದೆ. ಶಾಟ್ ಅರ್ಧ ಸ್ಟಾಪ್ (ಬೆಳಕಿನ ಅಳತೆ) ಕತ್ತಲಾಗಿದೆಯೇ, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವ ಹೊಂದಿಕೆ) ತಪ್ಪಿದೆಯೇ ಎಂದು ಅದು ನೋಡುವುದಿಲ್ಲ.

ನಾನು ಗ್ರೇಡ್ ಮಾಡಿದ, ಅಂದರೆ ಬಣ್ಣ ತಿದ್ದಿದ, ಒಂದು ಚಿತ್ರದಲ್ಲಿ ತಾಯಿ ಮಗ ಅಡುಗೆಮನೆಯಲ್ಲಿ ಮಾತನಾಡುವ ದೃಶ್ಯವಿತ್ತು. ತಾಯಿಯ ಕ್ಲೋಸಪ್ಪನ್ನು ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ, ಮಗನದನ್ನು ಸಂಜೆ ಟ್ಯೂಬ್‌ಲೈಟ್ ಹಾಕಿಕೊಂಡು ತೆಗೆದಿದ್ದರು. ಕಥೆಯಲ್ಲಿ ಅದು ಒಂದೇ ನಿಮಿಷದ ಮಾತುಕತೆಯಾದರೂ ಮಗನ ಕೆನ್ನೆಗೆ ಹಸಿರು ಹತ್ತಿತ್ತು, ಅದಕ್ಕೆ ಹಾಕಿದ್ದ ಲಟ್ ಆ ಹಸಿರನ್ನು ಇನ್ನಷ್ಟು ಗಾಢಗೊಳಿಸಿತ್ತು. ಮೊದಲು ಹೊಳಪನ್ನು ಅಳೆದು ತೋರಿಸುವ ವೇವ್‌ಫಾರ್ಮ್ ನೋಡುತ್ತ ಎರಡೂ ಮುಖಗಳ ಬೆಳಕನ್ನು ಸರಿದೂಗಿಸಿ, ಮಗನ ಶಾಟಿಗೆ ಸ್ವಲ್ಪ ಮಜೆಂಟಾ ಸೇರಿಸಿ ಹಸಿರು ತೆಗೆದೆ. ಅದರಿಂದ ಹಿಂದಿನ ಗೋಡೆ ಕೆಂಪಾಗಿದ್ದರಿಂದ ಗೋಡೆಯನ್ನಷ್ಟೇ ಮಾಸ್ಕ್ ಮಾಡಿ (ಬೇರ್ಪಡಿಸಿ) ಮೊದಲಿನ ಬಣ್ಣಕ್ಕೆ ತಂದೆ. ಇಷ್ಟಕ್ಕೆ ಸುಮಾರು ಒಂದು ಗಂಟೆ ಹಿಡಿಯಿತು.

ಮುಖದ ವಿಷಯದಲ್ಲಿ ಬಣ್ಣದ ಛಾಯೆಯನ್ನು ಅಳೆದು ತೋರಿಸುವ ವೆಕ್ಟರ್‌ಸ್ಕೋಪಿನ ಚರ್ಮವರ್ಣದ ಗೆರೆ ಒಳ್ಳೆಯ ಆಧಾರ. ಕಪ್ಪು, ಗೋಧಿ, ಬಿಳಿ ಯಾವ ಮೈಬಣ್ಣವಾದರೂ ಹೆಚ್ಚುಕಡಿಮೆ ಆ ಗೆರೆಯ ಆಸುಪಾಸಿನಲ್ಲೇ ಬೀಳುತ್ತದೆ, ವ್ಯತ್ಯಾಸವಿರುವುದು ಬಹುಮಟ್ಟಿಗೆ ಹೊಳಪಿನಲ್ಲಿ. ಆದ್ದರಿಂದ ಬಣ್ಣ ಸರಿಪಡಿಸುವ ನೆಪದಲ್ಲಿ ಕಪ್ಪು ಮೈಬಣ್ಣದ ನಟಿಯನ್ನು ಬೆಳ್ಳಗೆ ಮಾಡಬೇಕಾದ ಅಗತ್ಯ ಎಂದೂ ಬರುವುದಿಲ್ಲ. ಹಾಗೆ ಕೇಳುವವರಿಗೆ ನಾನು ಒಪ್ಪಿಲ್ಲ.

ಕಲರಿಸ್ಟ್ ಕೈಗೂ ಮೀರಿದ್ದು ಇದೆ. 8 ಬಿಟ್ ಫೈಲಿನಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಿರುತ್ತವೆ, 10 ಬಿಟ್‌ನಲ್ಲಿ 1024. ಲಾಗ್‌ನಲ್ಲಿ 8 ಬಿಟ್ ಆರಿಸಿದ್ದರೆ, ಗ್ರೇಡ್ ಮಾಡಿದಾಗ ಸಂಜೆಯ ಆಕಾಶದಲ್ಲಿ ಪಟ್ಟೆಗಳೇಳಬಹುದು.

ಹಣ ನಿಜಕ್ಕೂ ಇಲ್ಲದಿದ್ದರೆ ಡಾವಿಂಚಿ ರಿಸಾಲ್ವ್ ಎಂಬ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ ನೀವೇ ಮಾಡಿ, ತಿದ್ದುಪಡಿಗಳನ್ನು ಲಟ್‌ಗಿಂತ ಮುಂಚಿನ ನೋಡ್‌ನಲ್ಲಿ (ತಿದ್ದುಪಡಿಯ ಹಂತದಲ್ಲಿ) ಇಡಿ. ಕಲರಿಸ್ಟ್‌ಗೆ ಒಪ್ಪಿಸುವುದಾದರೆ ಎಡಿಟ್ ಲಾಕ್ ಆದ (ಸಂಕಲನ ಅಂತಿಮವಾದ) ಮೇಲೆ, ಲಟ್ ಹಾಕದ ಮೂಲ ಫೂಟೇಜನ್ನೇ ಕೊಡಿ. ಲಟ್ ಸಮೇತ ಎಕ್ಸ್‌ಪೋರ್ಟ್ ಮಾಡಿದ ಫೈಲಿನಲ್ಲಿ ಕಳೆದುಹೋದ ವಿವರವನ್ನು ಯಾರೂ ಮರಳಿ ತರಲಾರರು.