ಒಂದು ಅಣುವಿನ ಆಕಾರಕ್ಕಾಗಿ ಮೂವತ್ಮೂರು ವರ್ಷ

ಸೋಲಾರ್ ಅಂದ ತಕ್ಷಣ ನೆನಪಾಗುವುದು ಸಿಲಿಕಾನ್. ಆದರೆ ಪೇಂಟು, ಶಾಯಿಗೆ ಬಳಸುವ ಬಣ್ಣದಿಂದಲೂ ಕರೆಂಟ್ ತೆಗೆಯಬಹುದು. ಅಮೆರಿಕದ ಕೊಡ್ಯಾಕ್ ಕಂಪನಿಯಲ್ಲಿದ್ದ ಚಿಂಗ್ ಟ್ಯಾಂಗ್ 1986ರಲ್ಲಿ ಇದನ್ನು ತೋರಿಸಿದರು. ತಾಮ್ರದ ಥ್ಯಾಲೊಸಯನೈನ್ ಎಂಬ ನೀಲಿ ಬಣ್ಣದ ಪದರ, ಅದಕ್ಕೆ ಅಂಟಿದಂತೆ ಪೆರಿಲೀನ್ ಜಾತಿಯ ಇನ್ನೊಂದು ಪದರ. ದಕ್ಷತೆ, ಅಂದರೆ ಬಿದ್ದ ಬೆಳಕಿನಲ್ಲಿ ಕರೆಂಟ್ ಆಗುವ ಪಾಲು, ಸುಮಾರು ಶೇ. 1. (ಮೊಬೈಲಿನ ಒಎಲ್‌ಇಡಿ ಪರದೆಗೂ ದಾರಿ ಮಾಡಿಕೊಟ್ಟವರು ಇವರೇ.)

ಎರಡು ಪದರ ಯಾಕೆ? ಸಿಲಿಕಾನಿನಲ್ಲಿ ಬೆಳಕು ಬಿದ್ದರೆ ಎಲೆಕ್ಟ್ರಾನ್ ಸುಲಭವಾಗಿ ಬಿಡಿಯಾಗುತ್ತದೆ. ಈ ಬಣ್ಣಗಳಂಥ ಇಂಗಾಲದ ಅಣುಗಳಲ್ಲಿ ಹಾಗಲ್ಲ. ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಬಂದ ಖಾಲಿ ಜಾಗ ಜೋಡಿಯಾಗಿಯೇ ಉಳಿಯುತ್ತವೆ. ಈ ಜೋಡಿ ಸಾಮಾನ್ಯವಾಗಿ ಹತ್ತು ನ್ಯಾನೊಮೀಟರಿನಷ್ಟು ದೂರ ಸಾಗಿ ಸತ್ತುಹೋಗುತ್ತದೆ. ಅಷ್ಟರೊಳಗೆ ಎಲೆಕ್ಟ್ರಾನನ್ನು ಸೆಳೆದುಕೊಳ್ಳುವ ಇನ್ನೊಂದು ವಸ್ತು ಸಿಗಬೇಕು.

ಹಾಗಾದರೆ ಎರಡನ್ನೂ ಕಲಸಿಬಿಟ್ಟರೆ? 1995ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಅಲನ್ ಹೀಗರ್ ಗುಂಪು ಅದನ್ನೇ ಮಾಡಿತು. ಎಲೆಕ್ಟ್ರಾನ್ ಕೊಡಲು ಸರಪಳಿಯಂಥ ಉದ್ದ ಅಣುವಾದ ಪಾಲಿಮರ್, ಪಡೆಯಲು ಫುಲ್ಲರೀನ್ ಎಂಬ ಚೆಂಡಿನಾಕಾರದ ಇಂಗಾಲದ ಅಣು. ಇಪ್ಪತ್ತು ವರ್ಷ ಇದೇ ಜೋಡಿಯ ಆಳ್ವಿಕೆ.

ಆದರೆ ಪಾಲಿಮರ್ ಸರಪಳಿಗಳ ಉದ್ದ ಪ್ರತಿ ಸಲ ತಯಾರಿಸಿದಾಗಲೂ ಬದಲಾಗುತ್ತದೆ, ಫಲಿತಾಂಶವೂ ಅಷ್ಟೇ. ಸಣ್ಣ ಅಣು ಎಲ್ಲಿ ತಯಾರಾದರೂ ಒಂದೇ. ನನಗೆ ಇದು ದೊಡ್ಡ ಗುಣ ಅನ್ನಿಸುತ್ತದೆ. 2012ರಲ್ಲಿ ಗಿಲೆರ್ಮೊ ಬಜಾನ್ ಮತ್ತು ಹೀಗರ್ ತಂಡ ಕೊಡುವ ಕಡೆ ಪಾಲಿಮರ್ ಬದಲು ಸಣ್ಣ ಅಣು ಇಟ್ಟು ಶೇ. 6.7 ಮುಟ್ಟಿತು.

ಪಡೆಯುವ ಕಡೆ ಇನ್ನೂ ಫುಲ್ಲರೀನೇ ಇತ್ತು. ಅದು ಕಣ್ಣಿಗೆ ಕಾಣುವ ಬೆಳಕನ್ನು ಹೀರುವುದು ಕಡಿಮೆ, ತಿದ್ದುವುದೂ ಕಷ್ಟ. 2015ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ಝಾನ್ ಶಿಯಾವೇಯ್ ತಂಡ ಐಟಿಐಸಿ ಎಂಬ ಉದ್ದನೆಯ ಅಣು ಕಟ್ಟಿತು. ನಡುವೆ ಎಲೆಕ್ಟ್ರಾನ್ ಕೊಡುವ ಭಾಗ, ಎರಡೂ ತುದಿಯಲ್ಲಿ ಎಳೆಯುವ ಭಾಗ. ಈ ಎಳೆದಾಟದಿಂದ ಅದು ಕೆಂಪು ಬೆಳಕನ್ನೂ ಚೆನ್ನಾಗಿ ಹೀರಿತು. ಪಕ್ಕಕ್ಕೆ ಚಾಚಿದ ಸರಪಳಿಗಳು ಅಣುಗಳು ಅತಿಯಾಗಿ ಗುಂಪುಗೂಡದಂತೆ ತಡೆದವು.

ನಿಜವಾದ ಜಿಗಿತ 2019ರದ್ದು. ಚೀನಾದ ಚಾಂಗ್ಶಾದಲ್ಲಿ ಝೌ ಯಿಂಗ್‌ಪಿಂಗ್ ತಂಡ ಆ ನಡುಭಾಗದೊಳಕ್ಕೂ ಎಳೆಯುವ ಒಂದು ತುಣುಕು ಸೇರಿಸಿತು. ಅಣು ಬಾಳೆಹಣ್ಣಿನಂತೆ ಬಾಗಿತು, ಒಂದರ ಮೇಲೊಂದು ಒತ್ತಾಗಿ ಕೂತಿತು. ಕರೆಂಟ್ ಹರಿಯಲು ದಾರಿ ಸಲೀಸಾಯಿತು, ವೋಲ್ಟೇಜ್ ನಷ್ಟವೂ ತಗ್ಗಿತು. ವೈ6 ಎಂಬ ಈ ಅಣು ಒಂದು ಪಾಲಿಮರ್ ಜೊತೆ ಸೇರಿ ಶೇ. 15.7 ಕೊಟ್ಟಿತು. ಅದರ ಸಂತತಿಯ ಅಣುಗಳು ಈಗ ಲ್ಯಾಬಿನಲ್ಲಿ ಶೇ. 20 ದಾಟಿವೆ.

ಆದರೆ ವೈ6 ತಯಾರಿಸಲು ಹಲವು ಹಂತ ಬೇಕು, ಬಿಸಿಲಿನಲ್ಲಿ ವರ್ಷಗಟ್ಟಲೆ ತಾಳುವ ಪ್ರಶ್ನೆಯೂ ಇದೆ. ಹಾಗಾಗಿ ಅಣುಗಳನ್ನು ವಿನ್ಯಾಸ ಮಾಡುವವರು ಈಗ ದಕ್ಷತೆಯ ಜೊತೆ ಹಂತಗಳನ್ನೂ ಎಣಿಸುತ್ತಿದ್ದಾರೆ.