ಊಟ ಸೇರುತ್ತಿಲ್ಲ, ತೂಕ ಇಳಿಯುತ್ತಿದೆ: ಇದು ಬ್ಲಡ್ ಕ್ಯಾನ್ಸರ್ ಇರಬಹುದಾ?

ಪ್ರಶ್ನೆ: ಅಪ್ಪನಿಗೆ 58 ವರ್ಷ. ನಾಲ್ಕು ತಿಂಗಳ ಹಿಂದೆ 68 ಕೆಜಿ ಇದ್ದರು, ಈಗ 61. ಎರಡು ತುತ್ತಿಗೇ ಸಾಕು ಅಂತಾರೆ. ನೆಟ್‌ನಲ್ಲಿ ನೋಡಿದರೆ ಬ್ಲಡ್ ಕ್ಯಾನ್ಸರ್ ಅಂತ ಬರುತ್ತೆ. ನಿಜವಾ?

ಉತ್ತರ: ಇಷ್ಟರಿಂದಲೇ ಹಾಗೆ ಹೇಳಲಾಗದು. ಟಿಬಿ, ಸಕ್ಕರೆ ಕಾಯಿಲೆ, ಥೈರಾಯ್ಡ್, ಹೊಟ್ಟೆ ಮತ್ತು ಲಿವರ್ ತೊಂದರೆ, ಹೀಗೆ ಕಾರಣ ಹಲವು. ಖಿನ್ನತೆಯನ್ನಂತೂ ಮನೆಯವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಕ್ಕರೆ ಅಥವಾ ಥೈರಾಯ್ಡ್ ಜಾಸ್ತಿಯಾದವರು ಸಾಮಾನ್ಯವಾಗಿ ಚೆನ್ನಾಗಿ ತಿಂದೂ ಸೊರಗುತ್ತಾರೆ. ನಿಮ್ಮ ತಂದೆಗೆ ಊಟವೇ ಸೇರುತ್ತಿಲ್ಲ. ಈ ವ್ಯತ್ಯಾಸವನ್ನು ಡಾಕ್ಟರಿಗೆ ಹೇಳಿ.

'ಎರಡು ತುತ್ತಿಗೇ ಸಾಕು' ಅನ್ನುವ ಮಾತೂ ಮುಖ್ಯ. ಹೊಟ್ಟೆಯ ಎಡಭಾಗದಲ್ಲಿ, ಪಕ್ಕೆಲುಬಿನ ಕೆಳಗೆ ಗುಲ್ಮ (ಸ್ಪ್ಲೀನ್) ಎಂಬ ಅಂಗ ಇರುತ್ತದೆ. ಸಿಎಂಎಲ್ ಎಂಬ ನಿಧಾನಗತಿಯ ರಕ್ತದ ಕ್ಯಾನ್ಸರಿನಲ್ಲಿ ಅದು ಊದಿಕೊಂಡು ಜಠರವನ್ನು ಒತ್ತಬಹುದು. ಆಗ ಹಸಿವಿದ್ದರೂ ಹೊಟ್ಟೆಯಲ್ಲಿ ಜಾಗ ಇರುವುದಿಲ್ಲ. ಮೈಲೋಮಾ ಎಂಬ ಇನ್ನೊಂದು ರಕ್ತದ ಕ್ಯಾನ್ಸರಿನಲ್ಲಿ ದಾರಿ ಬೇರೆ: ಮೂಳೆ ಸವೆದು ರಕ್ತದಲ್ಲಿ ಕ್ಯಾಲ್ಸಿಯಂ ಏರಬಹುದು. ಆಗ ಹಸಿವು ಸಾಯುತ್ತದೆ, ಬಾಯಾರಿಕೆ, ಮಲಬದ್ಧತೆ ಶುರುವಾಗುತ್ತವೆ. ಈ ಕಾಯಿಲೆಯಲ್ಲಿ ಬರುವ ಬೆನ್ನುನೋವನ್ನು ಮಾತ್ರ ವಯಸ್ಸಿನ ತಲೆಗೆ ಕಟ್ಟಿ ಸುಮ್ನಿರುತ್ತೇವೆ.

ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ (ಲಿಂಫ್ ನೋಡ್) ಕ್ಯಾನ್ಸರಿನಲ್ಲಿ ವೈದ್ಯರು ಮೂರು ವಿಷಯ ಕೇಳುತ್ತಾರೆ. ಆರು ತಿಂಗಳಲ್ಲಿ ತೂಕ ಶೇ 10ಕ್ಕಿಂತ ಜಾಸ್ತಿ ಇಳಿದಿದೆಯಾ? ಕಾರಣವಿಲ್ಲದೆ 38 ಡಿಗ್ರಿ ಸೆಲ್ಸಿಯಸ್ ದಾಟಿ ಜ್ವರ ಬರುತ್ತಿದೆಯಾ? ರಾತ್ರಿ ಬಟ್ಟೆ ಬದಲಿಸುವಷ್ಟು ಬೆವರುತ್ತಾರಾ? ನಿಮ್ಮ ತಂದೆ ನಾಲ್ಕೇ ತಿಂಗಳಲ್ಲಿ ಶೇ 10 ದಾಟಿದ್ದಾರೆ. ಅಂದರೆ ಕಾರಣ ಏನೇ ಇರಲಿ, ಟಾನಿಕ್ ಕುಡಿಸುತ್ತಾ ಕಾಯುವ ಹಂತ ಇದಲ್ಲ.

ಈ ವಾರವೇ ಫಿಸಿಷಿಯನ್‌ಗೆ ತೋರಿಸಿ. ಹೊಟ್ಟೆ ಮುಟ್ಟಿ ನೋಡುತ್ತಾರೆ. ಸಿಬಿಸಿ (ರಕ್ತಕಣಗಳ ಎಣಿಕೆ), ಸಕ್ಕರೆ, ಥೈರಾಯ್ಡ್, ಕ್ಯಾಲ್ಸಿಯಂ, ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನ್‌ನಲ್ಲಿ ಬಹಳಷ್ಟು ಸುಳಿವು ಸಿಗುತ್ತದೆ. ಲ್ಯುಕೇಮಿಯಾ (ಸಿಎಂಎಲ್ ಕೂಡ ಸೇರುವ ರಕ್ತದ ಕ್ಯಾನ್ಸರ್ ಗುಂಪು) ಇದ್ದರೆ ಸಾಮಾನ್ಯವಾಗಿ ಸಿಬಿಸಿಯಲ್ಲೇ ಏರುಪೇರು ಕಾಣುತ್ತದೆ. ಲಿಂಫೋಮಾದಲ್ಲಿ ಸಿಬಿಸಿ ಪೂರ್ತಿ ನಾರ್ಮಲ್ ಬರಬಹುದು. ಹಾಗಾಗಿ ರಿಪೋರ್ಟ್ ಚೆನ್ನಾಗಿದೆ ಅಂತ ಅಲ್ಲಿಗೇ ನಿಲ್ಲಿಸಬೇಡಿ.

ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ನೋವಿಲ್ಲದ ಗಂಟು ಇದ್ದರೆ ತಪ್ಪದೇ ತೋರಿಸಿ. ಟಿಬಿ ಗಂಟೂ ಹೀಗೇ ಇರಬಹುದು. ಸೂಜಿ ಪರೀಕ್ಷೆ ಅಥವಾ ಬಯಾಪ್ಸಿ ಮಾಡದೆ ಬರೀ ಅಂದಾಜಿನ ಮೇಲೆ ಟಿಬಿ ಮಾತ್ರೆ ಶುರು ಮಾಡೋಣ ಅಂದರೆ, ಮೊದಲು ಪರೀಕ್ಷೆ ಆಗಲಿ ಎಂದು ಧೈರ್ಯವಾಗಿ ಕೇಳಿ.