ಮೆಟಲ್ ಬ್ಯಾಂಡಿಗೆ ಕಡಿಮೆ ದುಡ್ಡಲ್ಲಿ ಯಾವ ಸ್ನೇರ್ ತಗೊಳ್ಳಲಿ?

ಪ್ರಶ್ನೆ: ನಮ್ಮದು ಮೆಟಲ್ ಬ್ಯಾಂಡ್. ಡ್ರಮ್ ಕಿಟ್ ಜೊತೆ ಬಂದ ಸ್ನೇರನ್ನು (ಅಡಿಯಲ್ಲಿ ತಂತಿ ಎಳೆಗಳಿರುವ ಡ್ರಮ್) ಒಬ್ಬನೇ ಕೂತು ಬಾರಿಸಿದರೆ ಚೆನ್ನಾಗಿಯೇ ಕೇಳಿಸುತ್ತದೆ. ಎರಡು ಗಿಟಾರ್ ಶುರುವಾದವೋ, ಸ್ನೇರ್ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಹೊಸದು ತಗೊಳ್ಳಬೇಕು, ದುಡ್ಡು ಜಾಸ್ತಿ ಇಲ್ಲ. ಮರದ್ದು ತಗೊಳ್ಳಲಾ, ಸ್ಟೀಲಿನದ್ದಾ?

ಸ್ಟೀಲಿನದ್ದೇ ತಗೊಳ್ಳಿ. 14 ಇಂಚು ಅಗಲ, 6.5 ಇಂಚು ಆಳ, ಸಾಧ್ಯವಾದರೆ 10 ಲಗ್, ಅಂದರೆ ಶ್ರುತಿ ಬಿಗಿಸುವ ರಾಡ್‌ಗಳು ಕೂರುವ ಹಿಡಿಗಳು. ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಆದರೆ ಇರುವ ದುಡ್ಡನ್ನೆಲ್ಲ ಡ್ರಮ್ಮಿಗೇ ಸುರಿಯಬೇಡಿ. ಎರಡು ಹೆಡ್ (ಬಾರಿಸುವ ಹೊದಿಕೆ), ಒಂದು ಸೆಟ್ ವೈರ್‌ಗೆ (ಅಡಿಯ ತಂತಿ ಎಳೆಗಳು) ಆಗುವಷ್ಟನ್ನು ಮೊದಲೇ ಎತ್ತಿಡಿ. ದುಬಾರಿ ಶೆಲ್ (ಡ್ರಮ್ಮಿನ ಒಡಲು) ಮೇಲೆ ಸವೆದ ಹೆಡ್ ಇಟ್ಟುಕೊಂಡು ಬಾರಿಸುವುದಕ್ಕಿಂತ ಸಾಧಾರಣ ಶೆಲ್ ಮೇಲೆ ಒಳ್ಳೆ ಹೆಡ್ ಹಾಕಿ ಸರಿಯಾಗಿ ಶ್ರುತಿ ಮಾಡಿದ ಸ್ನೇರ್ ಯಾವತ್ತೂ ಮೇಲು.

ನಿಮ್ಮ ಸ್ನೇರ್ ಮುಳುಗುತ್ತಿರುವುದು ಯಾಕೆ ಅಂತ ಮೊದಲು ನೋಡೋಣ. ಸ್ನೇರಿನ ದನಿಯಲ್ಲಿ ಎರಡು ಭಾಗ ಇದೆ. ಒಂದು ಅದರ ಮೈಯ ದನಿ, ಆ ‘ಧಪ್’. ಅದು ಸುಮಾರು 150ರಿಂದ 250 ಹರ್ಟ್ಸ್ ಸುತ್ತಮುತ್ತ ಇರುತ್ತದೆ. ಇನ್ನೊಂದು ಕೋಲು ಬಿದ್ದ ಕ್ಷಣದ ‘ಛಟ್’. ಅದು 2,000 ಹರ್ಟ್ಸ್ ದಾಟಿದ ಮೇಲಿನ ಮಾತು. ಡಿಸ್ಟಾರ್ಷನ್ ಹಾಕಿ ಶ್ರುತಿ ಇಳಿಸಿದ ಎರಡು ಗಿಟಾರ್, ಜೊತೆಗೆ ಒಂದು ಬಾಸ್, ಇವೆಲ್ಲ ಆ ‘ಧಪ್’ ಇರುವ ಜಾಗದಲ್ಲೇ ಗಟ್ಟಿಯಾಗಿ ಕೂತಿರುತ್ತವೆ. ಅಲ್ಲಿ ಸ್ನೇರಿಗೆ ಕಾಲಿಡಲೂ ಜಾಗ ಇರುವುದಿಲ್ಲ. ‘ಛಟ್’ ಮಾತ್ರ ಚಿಕ್ಕದಾಗಿ, ಚೂಪಾಗಿ ಬರುವುದರಿಂದ ಆ ಗದ್ದಲವನ್ನು ಸೀಳಿಕೊಂಡು ಹೊರಗೆ ಬರುತ್ತದೆ. ಕಿಟ್ ಜೊತೆ ಬರುವ ಸ್ನೇರ್ ಬಹಳ ಸಲ ಅಗ್ಗದ ಪಾಪ್ಲರ್ ಮರದ್ದು, 8 ಲಗ್, ಹೆಡ್ಡನ್ನು ಒತ್ತಿ ಹಿಡಿಯುವ ಬಳೆ, ಅಂದರೆ ರಿಮ್, ತೆಳು. ಅದರಲ್ಲಿ ‘ಧಪ್’ ಇದೆ, ‘ಛಟ್’ ಕಮ್ಮಿ. ಒಬ್ಬರೇ ಕೂತಾಗ ತುಂಬಿಕೊಂಡ ಹಾಗೆ ಕೇಳಿಸುವುದಕ್ಕೂ ಬ್ಯಾಂಡಿನಲ್ಲಿ ಮಾಯವಾಗುವುದಕ್ಕೂ ಕಾರಣ ಒಂದೇ.

ಸ್ಟೀಲ್ ಶೆಲ್ ಈ ಕೊರತೆಯನ್ನು ಕಡಿಮೆ ಖರ್ಚಿನಲ್ಲಿ ತುಂಬುತ್ತದೆ. ದನಿ ಜೋರು, ಚುರುಕು, ಸ್ವಲ್ಪ ಗುಂಯ್‌ಗುಟ್ಟುತ್ತದೆ ಕೂಡ. ಹಿತ್ತಾಳೆ ಶೆಲ್ ಇದಕ್ಕಿಂತ ದುಂಡಗೆ, ತುಂಬಿಕೊಂಡು ಕೇಳಿಸುತ್ತದೆ, ನಿಜ, ಆದರೆ ಬೆಲೆ ಜಾಸ್ತಿ. ಅಲ್ಯೂಮಿನಿಯಂ ಇನ್ನೂ ಒಣ, ಹಿಡಿತದ ದನಿ. ಲೆಡ್ ಜೆಪ್ಲಿನ್‌ನ ಜಾನ್ ಬೋನಮ್ ಬಾರಿಸುತ್ತಿದ್ದ ಲುಡ್ವಿಗ್ ಸುಪ್ರಾಫೋನಿಕ್ 14 ಇಂಚು ಅಗಲ, 6.5 ಇಂಚು ಆಳದ ಅಲ್ಯೂಮಿನಿಯಂ ಸ್ನೇರ್. ಅದೇ ಕಂಪನಿ ಕಲಿಯುವ ಹುಡುಗರಿಗಾಗಿ 1960ರ ದಶಕದಲ್ಲಿ ಆಕ್ರೊಲೈಟ್ ಅನ್ನುವ ಸಾದಾ ಅಲ್ಯೂಮಿನಿಯಂ ಸ್ನೇರ್ ತಂದಿತು. ಆ ವಿದ್ಯಾರ್ಥಿ ಸ್ನೇರನ್ನು ಇವತ್ತು ದೊಡ್ಡ ದೊಡ್ಡ ಸ್ಟುಡಿಯೋಗಳಲ್ಲಿ ಇಟ್ಟುಕೊಂಡಿದ್ದಾರೆ. ಬೆಲೆ ಕಮ್ಮಿ ಅಂದ ಮಾತ್ರಕ್ಕೆ ದನಿಯೂ ಕಮ್ಮಿ ಅಲ್ಲ ಅನ್ನುವುದಕ್ಕೆ ನನಗೆ ಅದಕ್ಕಿಂತ ಒಳ್ಳೆ ಉದಾಹರಣೆ ಗೊತ್ತಿಲ್ಲ. ಸ್ಟೀಲಿನಲ್ಲಿ ಹುಡುಕುವುದಾದರೆ ಟಾಮಾ ಮೆಟಲ್‌ವರ್ಕ್ಸ್, ಲುಡ್ವಿಗ್ ಸುಪ್ರಾಲೈಟ್, ಪರ್ಲ್ ಸೆನ್ಸಿಟೋನ್ ಇವುಗಳಿಂದ ಶುರು ಮಾಡಿ.

ಆಳದ ವಿಷಯ ಬೇಗ ಮುಗಿಸುತ್ತೇನೆ. 6.5 ಇಂಚಿನಲ್ಲಿ ‘ಛಟ್’ ಜೊತೆಗೆ ಸ್ವಲ್ಪ ತೂಕವೂ ಇರುತ್ತದೆ, ನಿಧಾನದ ಭಾರೀ ರಿಫ್‌ಗೂ ಹೊಂದುತ್ತದೆ, ವೇಗಕ್ಕೂ ಒದಗುತ್ತದೆ. ಬರೀ ಬ್ಲಾಸ್ಟ್ ಬೀಟ್, ಅಂದರೆ ಬಿಡುವಿಲ್ಲದ ಅತಿ ವೇಗದ ಹೊಡೆತ, ಬಾರಿಸುವವರಾದರೆ 5 ಅಥವಾ 5.5 ಸಾಕು. ಅಷ್ಟು ವೇಗದಲ್ಲಿ ಕೋಲು ಮೆಲ್ಲಗೆ ಬೀಳುತ್ತದೆ, ಮೆಲ್ಲಗೆ ಬಿದ್ದರೂ ಥಟ್ಟನೆ ಮಾತಾಡುವ ಡ್ರಮ್ ಬೇಕು. 3.5 ಇಂಚಿನ ಪಿಕೊಲೋ ಒಂದೇ ಸ್ನೇರ್ ಆಗಿ ಬೇಡ. ಚೂಪಾಗಿ ಕೇಳಿಸುತ್ತದೆ, ಆದರೆ ಮೈಯೇ ಇರುವುದಿಲ್ಲ.

ರಿಮ್ ಬಗ್ಗೆ ಯಾರೂ ಕೇಳುವುದಿಲ್ಲ, ನಾನು ಮಾತ್ರ ಅದನ್ನೇ ಮೊದಲು ನೋಡುತ್ತೇನೆ. ಮೆಟಲ್‌ನಲ್ಲಿ ಮುಕ್ಕಾಲು ಪಾಲು ಏಟು ರಿಮ್‌ಶಾಟ್ ತಾನೇ? ಕೋಲಿನ ತುದಿ ಹೆಡ್ ಮೇಲೆ, ಕೋಲಿನ ಮೈ ರಿಮ್ ಮೇಲೆ, ಎರಡೂ ಒಟ್ಟಿಗೆ. ಅಗ್ಗದ ಡ್ರಮ್‌ಗಳ ರಿಮ್ ಸಾಮಾನ್ಯವಾಗಿ 1.6 ಮಿಲಿಮೀಟರ್ ದಪ್ಪ ಇರುತ್ತದೆ, ಬಾಗುತ್ತದೆ. 2.3 ಮಿಲಿಮೀಟರಿನದ್ದು ಇದ್ದರೆ ಏಟಿಗೆ ಗಟ್ಟಿಯಾಗಿ ಉತ್ತರ ಕೊಡುತ್ತದೆ. ಎರಕ ಹೊಯ್ದ ಡೈಕಾಸ್ಟ್ ರಿಮ್ ಇನ್ನೂ ಗಟ್ಟಿ, ಗುಂಯ್‌ಗುಟ್ಟುವುದನ್ನೂ ಕಮ್ಮಿ ಮಾಡುತ್ತದೆ. ರಿಮ್ಮನ್ನು ಆಮೇಲೆ ಬದಲಿಸಬಹುದು, ಲಗ್ ಸಂಖ್ಯೆ ನೋಡಿ ತಗೊಳ್ಳಿ ಅಷ್ಟೇ. 8 ಲಗ್ಗಿನ ರಿಮ್ 10 ಲಗ್ಗಿನ ಡ್ರಮ್ಮಿಗೆ ಕೂರುವುದಿಲ್ಲ. ನಾನು 10 ಲಗ್ ಅಂದಿದ್ದು ಶ್ರುತಿ ನಿಲ್ಲಲಿ ಅಂತ. ಜೋರಾಗಿ ಬಾರಿಸುವವರ ಕೈಯಲ್ಲಿ ಮೊದಲು ಸಡಿಲ ಆಗುವುದು ರಿಮ್‌ಶಾಟ್ ಬೀಳುವ ಕಡೆಯ ಒಂದೆರಡು ರಾಡ್. ಉಳಿದವು ಜಾಸ್ತಿ ಇದ್ದಷ್ಟೂ ಡ್ರಮ್ ತಡೆದುಕೊಳ್ಳುತ್ತದೆ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ಜೇಬಿನಲ್ಲಿ ರಾಡ್ ತಿರುಗಿಸುವ ಡ್ರಮ್ ಕೀ ಇರಲಿ. ಪ್ರತಿ ರಾಡನ್ನೂ ಒಂದೊಂದು ಸುತ್ತು ಬಿಚ್ಚಿ ಮತ್ತೆ ತಿರುಗಿಸಿ ನೋಡಿ. ಎಲ್ಲಾದರೂ ಕಚ್ಚಿಕೊಂಡರೆ ಲಗ್ಗಿನ ಮರೆ (ಥ್ರೆಡ್) ಹೋಗಿದೆ ಅಂತ ಅರ್ಥ. ವೈರನ್ನು ಹಿಡಿದು ಬಿಡುವ ಲಿವರ್ ಇದೆಯಲ್ಲ, ಥ್ರೋ ಆಫ್, ಅದನ್ನು ಹತ್ತು ಸಲ ಮೇಲೆ ಕೆಳಗೆ ಮಾಡಿ. ಆಮೇಲೆ ಜೋರಾಗಿ ಬಾರಿಸಿ, ತಾನಾಗೇ ಬಿದ್ದುಹೋಗುತ್ತದಾ ನೋಡಿ. ಮಾರುವವರು ಒಪ್ಪಿದರೆ ಮೇಲಿನ ಹೆಡ್ ಬಿಚ್ಚಿ, ಶೆಲ್ಲನ್ನು ಸಮತಟ್ಟಾದ ಗಾಜಿನ ಅಥವಾ ಕಲ್ಲಿನ ಮೇಜಿನ ಮೇಲೆ ಆ ಬದಿ ಕೆಳಗೆ ಬರುವಂತೆ ಬೋರಲು ಹಾಕಿ. ಹಾಕುವ ಮೊದಲು ಒಳಗೆ ಫೋನಿನ ಟಾರ್ಚ್ ಹಚ್ಚಿಡಿ. ಕೋಣೆಯ ದೀಪ ಆರಿಸಿ ಬಗ್ಗಿ ಅಂಚಿನ ಸುತ್ತ ನೋಡಿ. ಒಂದು ಕಡೆ ಬೆಳಕಿನ ಗೆರೆ ದಪ್ಪಗೆ ಕಂಡರೆ ಅಂಚು ಸಮ ಇಲ್ಲ, ಆ ಡ್ರಮ್ ಎಷ್ಟು ತಿರುಗಿಸಿದರೂ ಶ್ರುತಿಗೆ ಬರುವುದಿಲ್ಲ, ಬಿಟ್ಟುಬಿಡಿ. ಕೆಳಬದಿಯಲ್ಲಿ ವೈರ್ ಹಾಯುವ ಎರಡು ಕಡೆ ಮಾತ್ರ ತಗ್ಗು ಇರುತ್ತದೆ. ಅದು ಬೇಕಂತಲೇ ಮಾಡಿದ್ದು, ತಪ್ಪು ಅಂದುಕೊಳ್ಳಬೇಡಿ. ಬಣ್ಣ ಹೋದದ್ದು, ಕ್ರೋಮ್ ಮಂಕಾದದ್ದು, ಹೆಡ್ ತಗ್ಗು ಬಿದ್ದದ್ದು, ಇವೆಲ್ಲ ಚೌಕಾಸಿಗೆ ಒಳ್ಳೆಯದು. ದನಿಗೆ ಏನೂ ಆಗಿರುವುದಿಲ್ಲ, ಹೆಡ್ ಹೇಗೂ ಬದಲಿಸುತ್ತೀರಿ.

ಈಗ ಎತ್ತಿಟ್ಟ ದುಡ್ಡು. ಮೇಲೆ ಹಾಕಲು ಎರಡು ಪದರದ ಕೋಟೆಡ್ ಹೆಡ್, ಉದಾಹರಣೆಗೆ 7 ಮಿಲ್‌ನ ಎರಡು ಪದರ ಇರುವ ರೆಮೋ ಎಂಪರರ್. ಒಂದು ಮಿಲ್ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು. ಒಂದೇ ಪದರದ 10 ಮಿಲ್ ಹೆಡ್ ಇದಕ್ಕಿಂತ ಚುರುಕು, ಆದರೆ ಭಾರೀ ಕೈಗೆ ಬೇಗ ಸವೆಯುತ್ತದೆ. ಅಡಿಯಲ್ಲಿ ಸ್ನೇರ್ ಸೈಡ್ ಅಂತ ಬರೆದ 3 ಮಿಲ್‌ನ ತೆಳು ಹೆಡ್ಡೇ ಬೇಕು, ಮೇಲಿನದ್ದನ್ನು ಅಲ್ಲಿ ಹಾಕಿದರೆ ವೈರ್ ಮಾತಾಡುವುದಿಲ್ಲ. ವೈರ್ 20 ಎಳೆಯದ್ದು ಸಾಕು. 42 ಎಳೆ ಹಾಕಿದರೆ ಬರೀ ‘ಚರ್’ ಜಾಸ್ತಿ ಆಗುತ್ತದೆ, ‘ಛಟ್’ ಜಾಸ್ತಿ ಆಗುವುದಿಲ್ಲ. ಒಂದೇ ಒಂದು ಎಳೆ ಬಾಗಿ ಹೆಡ್ಡಿನಿಂದ ದೂರ ನಿಂತಿದ್ದರೂ ಅದು ಕೊನೆಯವರೆಗೆ ಜೀರ್ ಅನ್ನುತ್ತಲೇ ಇರುತ್ತದೆ. ಅದನ್ನು ಕತ್ತರಿಸಿ ತೆಗೆದುಬಿಡಿ.

ಶ್ರುತಿ ಮಾಡುವಾಗ ಅಡಿಯ ಹೆಡ್ ಮೊದಲು, ಬಿಗಿಯಾಗಿ. ಒಂದು ರಾಡ್, ಆಮೇಲೆ ಅದರ ಎದುರಿನ ರಾಡ್, ಹೀಗೆ ಅರ್ಧರ್ಧ ಸುತ್ತು. ಮೇಲಿನದ್ದನ್ನು ಬ್ಯಾಂಡ್ ಬಾರಿಸುತ್ತಿರುವಾಗಲೇ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗಿ. ದಯವಿಟ್ಟು ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ. ಬೇರೆ ಯಾರನ್ನಾದರೂ ಕಿಟ್ ಮೇಲೆ ಕೂರಿಸಿ, ನೀವು ಕೋಣೆಯ ಆ ತುದಿಗೆ ಹೋಗಿ ನಿಂತು ಕೇಳಿ. ನಾನು ಎಷ್ಟೋ ದಿನ ಸ್ನೇರಿನ ‘ಣಂಯ್’ ಅನ್ನುವ ದನಿ ತಡೆಯಲಾರದೆ ಹೆಡ್ ತುಂಬ ಟೇಪ್ ಅಂಟಿಸುತ್ತಿದ್ದೆ. ಒಂದು ದಿನ ಗೆಳೆಯನ ಕೈಗೆ ಕೋಲು ಕೊಟ್ಟು ಬಾಗಿಲ ಹತ್ತಿರ ನಿಂತೆ. ಟೇಪ್ ಇದ್ದಾಗ ಸ್ನೇರ್ ಕೇಳಿಸಲೇ ಇಲ್ಲ. ಕಿತ್ತು ಹಾಕಿದ ಮೇಲೆ ಪ್ರತಿ ಏಟೂ ಎದೆಗೆ ಬಡಿದ ಹಾಗೆ ಬಂತು, ‘ಣಂಯ್’ ಅನ್ನುವುದು ಗಿಟಾರ್ ನಡುವೆ ಎಲ್ಲಿತ್ತು ಅಂತಲೂ ಗೊತ್ತಾಗಲಿಲ್ಲ.

ಇನ್ನೊಂದು ವಿಷಯ. ಹೆಡ್ ಮತ್ತು ವೈರನ್ನು ಇವತ್ತೇ ತಂದು ನಿಮ್ಮ ಹಳೇ ಸ್ನೇರಿಗೇ ಹಾಕಿ ನೋಡಿ, ಅದು 14 ಇಂಚಿನದ್ದಾಗಿದ್ದರೆ. ಅಷ್ಟಕ್ಕೇ ಕೇಳಿಸಲು ಶುರುವಾದರೆ ಡ್ರಮ್ಮಿನ ದುಡ್ಡು ಉಳಿಯಿತು. ಸಾಲದು ಅನ್ನಿಸಿದರೆ ಅವನ್ನೇ ಬಿಚ್ಚಿ ಸ್ಟೀಲ್ ಸ್ನೇರಿಗೆ ಹಾಕಿಕೊಳ್ಳಬಹುದು.